ಕಂಠ ಹೋದ ಮೇಲೆ ಪಾಠವೇ?

ಪ್ರಶ್ನೆ: ನನ್ನ ಮಗಳು ವೆಸ್ಟರ್ನ್ ವೋಕಲ್ ಕಲಿಯುತ್ತಿದ್ದಾಳೆ. ಅವಳ ಮೇಡಂ ಸೊಪ್ರಾನೊ (ಹೆಣ್ಣುದನಿಗಳಲ್ಲಿ ಅತಿ ಎತ್ತರದ ದನಿಯವರು), ಈಗಲೂ ವೇದಿಕೆಯಲ್ಲಿ ಹಾಡುತ್ತಾರೆ. ಒಪೆರಾ ಗಾಯಕಿಯರು ದನಿ ಹೋದ ಮೇಲೆ ತಾನೇ ಪಾಠಕ್ಕೆ ಕೂರುವುದು? ಈಗಲೇ ಪಾಠ ಹೇಳುತ್ತಿದ್ದಾರೆ ಅಂದರೆ ಅವರ ಕಂಠದಲ್ಲಿ ಏನಾದರೂ ಐಬು ಇದೆಯೇ?

ಐಬು ಇಲ್ಲ ತಾಯಿ. ಮಗಳನ್ನು ಬಿಡಿಸಬೇಡಿ.

ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನ್ನ ಹತ್ತಿರ ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟಿಲ್ಲ. ಒಬ್ಬರು ‘ಹಾಡಲು ಅವಕಾಶ ಸಿಗದವರು ಪಾಠ ಹೇಳುತ್ತಾರಂತೆ’ ಅನ್ನುತ್ತಾರೆ. ಇನ್ನೊಬ್ಬರು ‘ಪಾಠ ಹೇಳಿದರೆ ದನಿ ಸವೆಯುತ್ತದಂತೆ’ ಅನ್ನುತ್ತಾರೆ. ಎರಡರ ಬೇರೂ ಒಂದೇ: ಹಾಡುವುದು ಮೇಲಿನ ಕೆಲಸ, ಕಲಿಸುವುದು ಅದರ ಉಳಿಕೆ ಎಂಬ ನಂಬಿಕೆ. ಈ ಸಲ ಪೂರ್ತಿ ಬಿಡಿಸಿಯೇ ಹೇಳುತ್ತೇನೆ. ಅದಕ್ಕೆ ಲಿಲ್ಲಿ ಲೇಮಾನ್ ಎಂಬ ಜರ್ಮನ್ ಸೊಪ್ರಾನೊ ಒಬ್ಬರ ಬದುಕು ಸಾಕು.

ಹುಟ್ಟಿದ್ದು 1848ರಲ್ಲಿ, ವ್ಯೂರ್ಟ್ಸ್‌ಬುರ್ಗ್‌ನಲ್ಲಿ. ತಾಯಿಯೇ ಗಾಯಕಿ, ತಾಯಿಯೇ ಮೊದಲ ಗುರು. 1865ರಲ್ಲಿ ಪ್ರಾಗ್‌ನಲ್ಲಿ ಮೊದಲ ಸಲ ರಂಗದ ಮೇಲೆ ನಿಂತರು. 1876ರಲ್ಲಿ ಬೈರಾಯ್ಟ್‌ನಲ್ಲಿ ವಾಗ್ನರ್‌ನ ‘ರಿಂಗ್’ ಎಂಬ ನಾಲ್ಕು ಒಪೆರಾಗಳ ಸರಣಿ ಮೊದಲ ಬಾರಿಗೆ ಇಡಿಯಾಗಿ ರಂಗಕ್ಕೆ ಬಂದಾಗ ಇವರಿಗೆ ಸಿಕ್ಕಿದ್ದು ರೈನ್ ನದಿಯ ಮೂವರು ಕನ್ಯೆಯರಲ್ಲಿ ಒಬ್ಬಳಂಥ ಸಣ್ಣ ಪಾತ್ರಗಳು. ಸರಿಯಾಗಿ 20 ವರ್ಷಗಳ ನಂತರ, 1896ರಲ್ಲಿ, ಅದೇ ಬೈರಾಯ್ಟ್‌ನಲ್ಲಿ ಅದೇ ‘ರಿಂಗ್’ ಮರಳಿ ಬಂದಾಗ ಇವರು ಅದರ ನಾಯಕಿ ಬ್ರೂನ್‌ಹಿಲ್ಡೆ. ಸೊಪ್ರಾನೊಗಳ ಪಾಲಿಗೆ ಅದಕ್ಕಿಂತ ಭಾರದ ಪಾತ್ರ ಹುಡುಕುವುದು ಕಷ್ಟ.

ಈಗ ಇಸವಿಗಳನ್ನು ಸ್ವಲ್ಪ ಗಮನಿಸಿ. ಓಲಿವ್ ಫ್ರೆಮ್‌ಸ್ಟಾಡ್ ಎಂಬ ಹುಡುಗಿ ಅಮೆರಿಕದಿಂದ ಬರ್ಲಿನ್‌ಗೆ ಹೋಗಿ ಲೇಮಾನ್ ಬಳಿ ಶಿಷ್ಯವೃತ್ತಿಗೆ ನಿಂತದ್ದು 1893ರಲ್ಲಿ, ಅಂದರೆ ಆ ಬ್ರೂನ್‌ಹಿಲ್ಡೆಗೆ ಮೂರು ವರ್ಷ ಮೊದಲೇ. ದನಿ ಹೋಗಿತ್ತೇ? ಪಾಠ ಶುರುವಾದ ಮೇಲೆ ಬೈರಾಯ್ಟ್ ಬಂತು, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾಕ್ಕೆ ಮತ್ತೆ ಹೋಗಿ ಬಂದದ್ದೂ ಆಯಿತು. 1906ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಮೊಜಾರ್ಟ್‌ನ ‘ಡಾನ್ ಜೊವಾನ್ನಿ’ ನಡೆಯಿತು. ಡೊನ್ನಾ ಅನ್ನಾ ಪಾತ್ರದಲ್ಲಿ ಲೇಮಾನ್, ಜೆರ್ಲಿನಾ ಪಾತ್ರದಲ್ಲಿ ಅವರ ಶಿಷ್ಯೆ ಜೆರಾಲ್ಡಿನ್ ಫಾರರ್. ಗುರು, ಶಿಷ್ಯೆ ಇಬ್ಬರೂ ಒಂದೇ ರಂಗದ ಮೇಲೆ. ಮುಂದೆ ಗ್ರಾಮಫೋನ್ ತಟ್ಟೆಗೂ ಹಾಡಿದರು. ಆಗ ಮೈಕ್ ಇರಲಿಲ್ಲ, ಕಹಳೆಯಂಥ ಹಾರ್ನಿನ ಬಾಯಿಗೆ ಹಾಡಬೇಕಿತ್ತು. 58 ದಾಟಿದ ಹೆಂಗಸು ‘ನೋರ್ಮಾ’ ಒಪೆರಾದ ಆರಿಯಾವನ್ನು (ಒಬ್ಬರೇ ಹಾಡುವ ಹಾಡನ್ನು) ಹಾಗೆ ಹಾಡಿದ್ದು ಈಗಲೂ ಕೇಳಲು ಸಿಗುತ್ತದೆ. ದಯವಿಟ್ಟು ಒಮ್ಮೆ ಕೇಳಿ, ಗರಗರ ಸದ್ದಿನ ಹಿಂದೆ ಆ ಉಸಿರು ಎಷ್ಟು ನೆಟ್ಟಗೆ ನಿಂತಿದೆ ನೋಡಿ.

ಅಷ್ಟು ಕಾಲ ಬಾಳಿದ್ದು ಹೇಗೆ? ದೈವದತ್ತ ಕಂಠ ಎಂದು ಕೈಮುಗಿದು ಸುಮ್ಮನಾಗಬೇಡಿ. ಸೊಪ್ರಾನೊ ಮುಟ್ಟುವ ಮೇಲಿನ ‘ಸಿ’ ಸ್ವರಕ್ಕೆ ಧ್ವನಿತಂತುಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆರೆದು ಮುಚ್ಚುತ್ತವೆ. ಅವುಗಳ ಉದ್ದ ಒಂದು ಅಂಗುಲವೂ ಇಲ್ಲ. ಅಲ್ಲಿ ಬಲ ಹಾಕಿ ಕೂಗಿದರೆ ಕೆಲವೇ ವರ್ಷಗಳಲ್ಲಿ ಕತೆ ಮುಗಿಯುತ್ತದೆ. ಆರ್ಕೆಸ್ಟ್ರಾದ ಮೇಲೆ ಮೈಕ್ ಇಲ್ಲದೆ ಕೇಳಿಸುವುದಕ್ಕೆ ಬೇಕಾದದ್ದು ಬಲವಲ್ಲ, ಬಾಯಿಯೊಳಗಿನ ಜಾಗ. ನೀವೇ ‘ಇ’ ಎಂದು ಹಿಡಿದು ತಾರಸ್ಥಾಯಿಗೆ ಏರಿ ನೋಡಿ, ಗಂಟಲು ಬಿಗಿಯುತ್ತದೆ. ‘ಇ’ಕಾರಕ್ಕೆ ಬಾಯಿಯೊಳಗೆ ಸಹಜವಾಗಿ ಮೊಳಗುವ ಕೆಳಗಿನ ಸ್ಥಾನ ಆ ಶ್ರುತಿಗಿಂತ ಬಹಳ ತಗ್ಗಿನಲ್ಲಿದೆ. ಬಲ್ಲವರು ಮೇಲೇರುತ್ತಾ ದವಡೆ ಇಳಿಸಿ ಅದನ್ನು ‘ಅ’ಕಾರದ ಕಡೆಗೆ ಬಿಡಿಸುತ್ತಾರೆ. ಆಗ ಬಾಯಿಯ ಮೊಳಗು ಶ್ರುತಿಯನ್ನು ಮುಟ್ಟುತ್ತದೆ, ದನಿ ತಾನಾಗಿ ಸಭಾಂಗಣ ತುಂಬುತ್ತದೆ. ಒಪೆರಾದ ಮೇಲಿನ ಸ್ವರಗಳಲ್ಲಿ ಸಾಹಿತ್ಯ ತಿಳಿಯುವುದಿಲ್ಲ ಎಂದು ದೂರುತ್ತೀರಲ್ಲ, ಅದು ಉಚ್ಚಾರಣೆಯ ಸೋಮಾರಿತನವಲ್ಲ, ಅದಕ್ಕೆ ಇದೇ ಕಾರಣ.

ಇದನ್ನು ಸ್ವಂತಕ್ಕೆ ಮಾಡುವುದು ಒಂದು. ಎದುರಿಗೆ ಕೂತ ಹುಡುಗಿಯ ಗಂಟಲು ಯಾವ ಸ್ವರದಲ್ಲಿ ಬಿಗಿಯಿತು ಎಂದು ಕಿವಿಯಲ್ಲೇ ಹಿಡಿದು ಬಿಡಿಸುವುದು ಇನ್ನೊಂದು. ಎರಡನೆಯದನ್ನು ದಿನವೂ ಮಾಡುವವರು ಮೊದಲನೆಯದರಲ್ಲಿ ತಪ್ಪಿದಾಗ ಬೇಗ ಎಚ್ಚರವಾಗುತ್ತಾರೆ. ಕಲಿಸಲು ತೊಡಗಿದ ಮೇಲೆ ನನ್ನ ದನಿಯೇ ಹದಕ್ಕೆ ಬಂದದ್ದನ್ನು ನಾನು ಅನುಭವದಿಂದ ಬಲ್ಲೆ. ಪಾಠದಲ್ಲಿ ದನಿ ಸವೆಸುವುದು ಹಾಡಲ್ಲ, ಪಿಯಾನೊ ಸದ್ದಿನ ಮೇಲೆ ಗಂಟೆಗಟ್ಟಲೆ ಮಾತಾಡುವುದು. ಅದಕ್ಕೇ ಒಳ್ಳೆಯ ಗುರು ಕಡಿಮೆ ಮಾತಾಡುತ್ತಾರೆ, ಹೆಚ್ಚು ಕೇಳಿಸಿಕೊಳ್ಳುತ್ತಾರೆ.

ಲೇಮಾನ್ ತಮ್ಮ ವಿದ್ಯೆಯನ್ನು 1902ರಲ್ಲಿ ಪುಸ್ತಕ ಮಾಡಿದರು. ಎಲ್ಲ ದನಿಗಳಿಗೂ ಅತ್ಯಗತ್ಯವೆಂದು ಅವರು ಅದರಲ್ಲಿ ಹೇಳುವುದು ‘ದೊಡ್ಡ ಸ್ಕೇಲ್’ ಎಂಬ ಸಾಧನೆಯನ್ನು. ತೀರಾ ನಿಧಾನವಾಗಿ, ಒಂದು ಸ್ವರದಿಂದ ಮುಂದಿನದಕ್ಕೆ ಸಂದಿಯೇ ಕಾಣದಂತೆ ಏರಿ ಇಳಿಯುವುದು, ಅಷ್ಟೇ. ಸರಳೆ ವರಸೆಯನ್ನು ವಿಳಂಬದಲ್ಲಿ ಅಕಾರದಲ್ಲಿ ಹಾಡಿದವರಿಗೆ ಅದರ ಕಷ್ಟ ಗೊತ್ತು. ಅದನ್ನು ಅವರಿಗೆ ಕಲಿಸಿದ್ದು ತಾಯಿ. ಪಾಠ ಹೇಳುವ ಮನೆಯಲ್ಲೇ ಆ ಕಂಠ ಬೆಳೆದದ್ದು.

ಹಾಗಾದರೆ ದೊಡ್ಡ ಗಾಯಕಿಯರೆಲ್ಲ ಒಳ್ಳೆಯ ಗುರುಗಳೇ? ನೀವು ಇದನ್ನು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಲೇಮಾನ್ ಪುಸ್ತಕದಲ್ಲಿ ತಲೆಬುರುಡೆಯ ಚಿತ್ರಗಳಿವೆ, ಯಾವ ಸ್ವರ ತಲೆಯ ಯಾವ ಭಾಗದಲ್ಲಿ ಅನುಭವಕ್ಕೆ ಬರುತ್ತದೆ ಎಂದು ಗೆರೆ ಎಳೆದು ತೋರಿಸಿದ್ದಾರೆ. ಅವು ಅವರ ತಲೆಯ ಅನುಭವಗಳು. ನಿಮ್ಮ ಮಗಳಿಗೆ ಬೇರೆ ಕಡೆ ಅನ್ನಿಸಬಹುದು, ಏನೂ ಅನ್ನಿಸದೆಯೂ ಇರಬಹುದು. ಚಿತ್ರ ನೋಡಿಕೊಂಡು ಸ್ವರವನ್ನು ನೆತ್ತಿಗೆ ತಳ್ಳಲು ಹೋದರೆ ಬಿಗಿತವೇ ಫಲ.

ಲೊಟ್ಟೆ ಲೇಮಾನ್ ಎಂಬ ಇನ್ನೊಬ್ಬ ಸೊಪ್ರಾನೊ ಇದ್ದರು. ಹೆಸರು ನೋಡಿ ಅಕ್ಕತಂಗಿ, ತಾಯಿಮಗಳು ಎಂದೆಲ್ಲ ಬರೆಯುತ್ತಾರೆ. ಇಬ್ಬರಿಗೂ ನೆಂಟಸ್ತಿಕೆಯೇ ಇಲ್ಲ. ಲೊಟ್ಟೆ 1951ರಲ್ಲಿ ನ್ಯೂಯಾರ್ಕ್‌ನಲ್ಲಿ ವೇದಿಕೆಗೆ ವಿದಾಯ ಹೇಳಿದರು. ಅವರ ಹೆಸರಾಂತ ಪಾಠಗಳೆಲ್ಲ ಬಹುಮಟ್ಟಿಗೆ ಅದರ ನಂತರ ಕ್ಯಾಲಿಫೋರ್ನಿಯಾದಲ್ಲಿ ನಡೆದವು ಎಂಬುದನ್ನು ಒಪ್ಪುತ್ತೇನೆ. ಆದರೆ ಅವರು ಕಲಿಸಿದ್ದು ಗಂಟಲ ಕಸರತ್ತನ್ನಲ್ಲ. ಸಾಲಿನ ಅರ್ಥವನ್ನು ದನಿಗೆ, ಮುಖಕ್ಕೆ, ಕಣ್ಣಿಗೆ ತರುವುದನ್ನು. ಅವರ ಶಿಷ್ಯೆ ಗ್ರೇಸ್ ಬಂಬ್ರಿ ಭಾವವನ್ನು ಲೊಟ್ಟೆ ಹತ್ತಿರ ಕಲಿಯುತ್ತಲೇ, ಕಂಠದ ತಂತ್ರಕ್ಕಾಗಿ ಅರ್ಮಾಂಡ್ ಟೊಕಾಟ್ಯಾನ್ ಎಂಬ ಟೆನರ್ (ಎತ್ತರದ ಗಂಡುದನಿಯ) ಗಾಯಕರ ಬಳಿ ಹೋಗುತ್ತಿದ್ದರು. ನಿಮ್ಮ ಮಗಳ ಮೇಡಂ ಇವೆರಡರಲ್ಲಿ ಯಾವುದನ್ನು ಹೇಳಿಕೊಡುತ್ತಿದ್ದಾರೆ ಎಂದು ಒಂದು ದಿನ ಪಾಠದಲ್ಲಿ ಕೂತು ನೋಡಿ. ಅವಳು ‘ಇ’ ಹಿಡಿದು ಮೇಲೇರುವಾಗ ಅವರು ಏನನ್ನುತ್ತಾರೆ, ಕೇಳಿಸಿಕೊಳ್ಳಿ.