ವಿಡಾಲ್ ಟೆಸ್ಟಿನ ಒಳಗಿರುವ ಸಕ್ಕರೆ

ಜ್ವರ ನಾಲ್ಕೈದು ದಿನವಾದರೂ ಬಿಡದಿದ್ದರೆ, ಟೈಫಾಯ್ಡ್ ಇರಬಹುದಾ ಅಂತ ನೋಡಲು ನಮ್ಮಲ್ಲಿ ವಿಡಾಲ್ ಎಂಬ ರಕ್ತದ ಟೆಸ್ಟ್ ಮಾಡಿಸುವುದು ರೂಢಿ. ರಿಪೋರ್ಟಿನಲ್ಲಿ ‘ಟಿಒ’, ‘ಟಿಎಚ್’ ಅಂತ ಬರೆದು ಎದುರಿಗೆ 1:80, 1:160 ಅಂತ ಹಾಕಿರುತ್ತಾರೆ. ರಕ್ತದ ದ್ರವವನ್ನು ಎಷ್ಟು ಪಟ್ಟು ತೆಳು ಮಾಡಿದರೂ ಟೆಸ್ಟ್ ಪಾಸಿಟಿವ್ ಬಂತು ಅನ್ನುವ ಲೆಕ್ಕ ಅದು. ಟಿಎಚ್ ಬ್ಯಾಕ್ಟೀರಿಯಾದ ಬಾಲದ ಪ್ರೋಟೀನಿಗೆ ಸಂಬಂಧಿಸಿದ್ದು. ಟಿಒ ಮಾತ್ರ ಸಕ್ಕರೆಯ ಕಥೆ. ರಕ್ತದ ಶುಗರ್ ಅಲ್ಲ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆ.

ಇದರ ಹೊರಪೊರೆಯ ತುಂಬ ಸಕ್ಕರೆಯ ಸರಪಳಿಗಳು ಚಾಚಿಕೊಂಡಿರುತ್ತವೆ. ಮ್ಯಾನೋಸ್, ರಾಮ್ನೋಸ್, ಗ್ಯಾಲಕ್ಟೋಸ್ ಸೇರಿ ಒಂದು ತುಂಡು. ಅದೇ ತುಂಡು ಮತ್ತೆ ಮತ್ತೆ ಬರುತ್ತದೆ. ಪ್ರತಿ ಮ್ಯಾನೋಸಿನ ಪಕ್ಕಕ್ಕೆ ಇನ್ನೊಂದು ಪುಟ್ಟ ಸಕ್ಕರೆ ಅಂಟಿರುತ್ತದೆ. ಅದು ಯಾವುದು ಅನ್ನುವುದು ಸಾಲ್ಮೊನೆಲ್ಲಾದ ಜಾತಿಯ ಮೇಲೆ ಹೋಗುತ್ತದೆ: ಟೈಫಾಯ್ಡ್ ತರುವ ಟೈಫಿಯಲ್ಲಿ ಅದು ಟೈವೆಲೋಸ್, ಪ್ಯಾರಾಟೈಫಿ-ಎ ಯಲ್ಲಿ ಪ್ಯಾರಾಟೋಸ್, ಟೈಫಿಮ್ಯೂರಿಯಂನಲ್ಲಿ ಅಬೆಕ್ವೋಸ್. ಮೂರರಲ್ಲೂ ಇರುವ ಪರಮಾಣುಗಳು ಅಷ್ಟೇ, ಅವೇ. ಅಬೆಕ್ವೋಸನ್ನು ಪ್ಯಾರಾಟೋಸಿನಿಂದ ಬೇರೆ ಮಾಡುವುದು ನಾಲ್ಕನೇ ಕಾರ್ಬನ್ ಮೇಲಿನ ಒಂದೇ ಒಂದು ಓಎಚ್ ಗುಂಪು (ಆಕ್ಸಿಜನ್-ಹೈಡ್ರೋಜನ್ ಜೋಡಿ) ಯಾವ ಕಡೆ ತಿರುಗಿದೆ ಅನ್ನುವುದು.

ಈ ಸಕ್ಕರೆಗಳನ್ನು ಗುರುತಿಸಿ ಹಿಡಿಯುವುದು ಆಂಟಿಬಾಡಿ, ಅಂದರೆ ಸೋಂಕಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರೋಟೀನ್. ಅದಕ್ಕೆ ಇಷ್ಟು ಸಣ್ಣ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? 1991ರಲ್ಲಿ ಕೆನಡಾದ ವಿಜ್ಞಾನಿಗಳು ಅಬೆಕ್ವೋಸ್ ಹಿಡಿಯುವ ಒಂದು ಆಂಟಿಬಾಡಿಯ ತುಂಡನ್ನು ಸಕ್ಕರೆಯ ಸಮೇತ ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ಅದರ ರಚನೆ ಬಿಡಿಸಿದರು. ಆಂಟಿಬಾಡಿಯಲ್ಲಿ 8 ಆಂಗ್‌ಸ್ಟ್ರಾಮ್ ಆಳ, 7 ಆಂಗ್‌ಸ್ಟ್ರಾಮ್ ಅಗಲದ ಒಂದು ಗುಳಿ ಕಂಡಿತು (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು). ಅಬೆಕ್ವೋಸ್ ಅದರೊಳಗೆ ಪೂರ್ತಿ ಇಳಿದು ಕೂತಿತ್ತು. ಮ್ಯಾನೋಸ್, ಗ್ಯಾಲಕ್ಟೋಸ್ ಗುಳಿಯ ಬಾಯಲ್ಲೇ ಉಳಿದಿದ್ದವು.

ಸಕ್ಕರೆ ನೀರಿಗೆ ಒಗ್ಗುವ ವಸ್ತು, ಗುಳಿಯೂ ಹಾಗೇ ಇರಬೇಕು ಅಲ್ವಾ? ಇಲ್ಲಿ ಹಾಗಿರಲಿಲ್ಲ. ಗೋಡೆಯ ತುಂಬ ಟ್ರಿಪ್ಟೊಫಾನ್‌ನಂಥ ಚಪ್ಪಟೆ ಉಂಗುರಗಳ ಅಮೈನೋ ಆಮ್ಲಗಳೇ. ಕಾರಣ, ಅಬೆಕ್ವೋಸಿನಲ್ಲಿ ಮಾಮೂಲಿ ಸಕ್ಕರೆಗಿಂತ ಎರಡು ಆಕ್ಸಿಜನ್ ಕಡಿಮೆ. ಹಾಗಾಗಿ ಅದರ ಒಂದು ಮೈ ನೀರಿಗಿಂತ ಎಣ್ಣೆಗೆ ಹತ್ತಿರ. ಉಳಿದ ಓಎಚ್‌ಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿದ್ದವು. ಗುಳಿಯೊಳಗೆ ಸಿಕ್ಕಿಕೊಂಡಿದ್ದ ಒಂದು ನೀರಿನ ಅಣುವೂ ಅದಕ್ಕೆ ಕೈಜೋಡಿಸಿತ್ತು. ನನಗೆ ತುಂಬಾ ಇಷ್ಟವಾದದ್ದು ಈ ನೀರಿನ ಅಣುವೇ. ಓಎಚ್ ಬೇರೆ ಕಡೆ ತಿರುಗಿದ್ದರೆ ಈ ಜೋಡಣೆಯೇ ಕೆಡುತ್ತದೆ.

ಇಷ್ಟಾದರೂ ಆಂಟಿಬಾಡಿಯ ಒಂದು ಕೈಯ, ಅಂದರೆ ಇಂಥ ಒಂದು ಗುಳಿಯ, ಹಿಡಿತ ದುರ್ಬಲ. ಓಎಚ್‌ಗಳು ಮೊದಲೇ ಸುತ್ತಲಿನ ನೀರನ್ನು ಹಿಡಿದುಕೊಂಡಿರುತ್ತವೆ, ಅದನ್ನು ಬಿಡಿಸಿಕೊಂಡು ಬರಲು ಶಕ್ತಿ ಖರ್ಚಾಗುತ್ತದೆ. ಅದಕ್ಕೇ ಸಕ್ಕರೆಯ ವಿರುದ್ಧ ಐಜಿಎಂ ಅನ್ನುವ ಬಗೆಯ ಆಂಟಿಬಾಡಿಗಳು ಮುಖ್ಯ. ಅವಕ್ಕೆ ಹತ್ತು ಕೈ. ಪಂಚೆಗೆ ಹತ್ತಿದ ಉತ್ತರಾಣಿ ಕಾಯಿಗಳ ಹಾಗೆ, ಒಂದೊಂದಾಗಿ ಸಡಿಲ, ಒಟ್ಟಿಗೆ ಬಿಗಿ. ಎರಡು ಬ್ಯಾಕ್ಟೀರಿಯಾಗಳನ್ನು ಒಂದೇ ಆಂಟಿಬಾಡಿ ಹಿಡಿದಾಗ ಅವು ಗಂಟುಕಟ್ಟುತ್ತವೆ. ವಿಡಾಲ್ ಟೆಸ್ಟಿನಲ್ಲಿ ನೋಡುವುದು ಈ ಗಂಟನ್ನೇ.

ತೊಡಕು ಇರುವುದೂ ಇಲ್ಲೇ. ಎಲ್ಲ ಆಂಟಿಬಾಡಿಗಳೂ ಪಕ್ಕದ ಸಕ್ಕರೆಯನ್ನೇ ಹಿಡಿಯುವುದಿಲ್ಲ. ಕೆಲವು ಮೂರು ಜಾತಿಗೂ ಸಮಾನವಾದ ಸರಪಳಿಯನ್ನೇ ಹಿಡಿಯುತ್ತವೆ. ಆಗ ಬೇರೆ ಸಾಲ್ಮೊನೆಲ್ಲಾ ಸೋಂಕು ತಗಲಿದವರ ರಕ್ತವೂ ಟೈಫಿಯನ್ನು ಗಂಟುಕಟ್ಟಿಸಬಹುದು. ಸುಮ್ನೆ 1:80 ನೋಡಿ ಆಂಟಿಬಯೋಟಿಕ್ ಶುರು ಮಾಡುವುದು ನನಗೇನೋ ಸರಿ ಕಾಣುವುದಿಲ್ಲ. ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಟೆಸ್ಟಿನ ರಿಪೋರ್ಟ್ ಬರಲು ಕೆಲವು ದಿನ ಕಾಯಬೇಕು ನಿಜ, ಆದರೆ ಅದರಲ್ಲಿ ಹುಡುಕುವುದು ಬ್ಯಾಕ್ಟೀರಿಯಾವನ್ನೇ. ಮಾತ್ರೆ ಶುರು ಮಾಡುವ ಮೊದಲೇ ಅದಕ್ಕೆ ರಕ್ತ ಕೊಟ್ಟರೆ ಒಳ್ಳೆಯದು.