ಬಂಗಾಳ ಕೂಡಿತು, ರಾಜಧಾನಿ ಹೋಯಿತು

ಬಂಗಾಳ ಒಡೆದದ್ದು ಯಾವಾಗ? ಒಬ್ಬರು 1905 ಅಂತಾರೆ, ಇನ್ನೊಬ್ಬರು 1947. ನಡುವೆ ಅದನ್ನು ಮತ್ತೆ ಕೂಡಿಸಿದ 1911 ಇದೆ. ಅದನ್ನು ಬಿಟ್ಟರೆ ಮುಂದಿನದು ಒಂದೂ ಅರ್ಥವಾಗುವುದಿಲ್ಲ.

ಪ್ಲಾಸಿ ಕದನದ ನಂತರ ಬೆಳೆಯುತ್ತಾ ಹೋದ ಬಂಗಾಳ ಪ್ರಾಂತ್ಯದಲ್ಲಿ ಇಪ್ಪತ್ತನೇ ಶತಮಾನದ ಶುರುವಿಗೆ ಸುಮಾರು 7.8 ಕೋಟಿ ಜನ. ಬಿಹಾರ, ಒರಿಸ್ಸಾ ಎಲ್ಲ ಅದರೊಳಗೇ. ಇಷ್ಟನ್ನು ಒಂದೇ ಕಡೆಯಿಂದ ಆಳಲಾಗದು ಎಂದು 1905ರ ಅಕ್ಟೋಬರ್ 16ರಂದು ಬ್ರಿಟಿಷರು ಭಾಗ ಮಾಡಿದರು. ಕಾರಣ ಸುಳ್ಳಲ್ಲ. ಆದರೆ ಬಿಹಾರವನ್ನು ಬೇರೆ ಮಾಡಿದ್ದರೂ ಹೊರೆ ಇಳಿಯುತ್ತಿತ್ತು, ಅಲ್ವಾ? ಗೆರೆ ಬಿದ್ದದ್ದು ಬಂಗಾಳಿಗಳ ನಡುವೆಯೇ. ಢಾಕಾ ರಾಜಧಾನಿಯಾದ ಪೂರ್ವ ಭಾಗದಲ್ಲಿ ಮುಸ್ಲಿಮರು ಹೆಚ್ಚು. ಪಶ್ಚಿಮದಲ್ಲಿ ಬಂಗಾಳಿ ಮಾತಾಡುವವರೇ ಕಡಿಮೆಯಾದರು. ಸ್ವದೇಶಿ ಚಳವಳಿ ಎದ್ದಿತು, ವಿದೇಶಿ ಬಟ್ಟೆ ಸುಟ್ಟರು, ಬಾಂಬುಗಳೂ ಸಿಡಿದವು. ಲಂಡನ್ ಮಾತ್ರ ಇದು ಮುಗಿದ ವಿಷಯ ಎಂದೇ ಹೇಳುತ್ತಿತ್ತು.

1911ರಲ್ಲಿ ದೇಶ ಬಿಸಿಯಾಗಿತ್ತು. ಜೂನ್ 17ರಂದು ದಕ್ಷಿಣದ ಮಣಿಯಾಚ್ಚಿ ರೈಲು ನಿಲ್ದಾಣದಲ್ಲಿ ಕ್ರಾಂತಿಕಾರಿ ವಾಂಚಿನಾಥನ್ ಬ್ರಿಟಿಷ್ ಕಲೆಕ್ಟರ್ ಆಶ್‌ನನ್ನು ಗುಂಡಿಟ್ಟು ಕೊಂದರು. ಜುಲೈ 29ರಂದು ಕಲ್ಕತ್ತಾದಲ್ಲಿ ಭಾರತೀಯರ ಮೋಹನ್ ಬಾಗಾನ್ ಫುಟ್ಬಾಲ್ ತಂಡ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಪಂದ್ಯಾವಳಿ ಗೆದ್ದಿತು. ಆ ತಂಡದಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಬರಿಗಾಲಲ್ಲೇ ಆಡಿದ್ದರು.

ಇದಾಗಿ ತಿಂಗಳೊಳಗೆ, ಆಗಸ್ಟ್ 25ರಂದು, ವೈಸರಾಯ್ ಹಾರ್ಡಿಂಜ್ ಸರ್ಕಾರ ಶಿಮ್ಲಾದಿಂದ ಲಂಡನ್ನಿಗೆ ಒಂದು ಪತ್ರ ಕಳಿಸಿತು: ಬಂಗಾಳವನ್ನು ಕೂಡಿಸೋಣ, ಕಲ್ಕತ್ತಾದಲ್ಲಿರುವ ರಾಜಧಾನಿಯನ್ನು ದೆಹಲಿಗೆ ಒಯ್ಯೋಣ. ಬಂಗಾಳಿಗಳಿಗೆ ಸಮಾಧಾನ. ಕಲ್ಕತ್ತಾದ ರಾಜಕೀಯದಿಂದ ಸರ್ಕಾರಕ್ಕೆ ಬಿಡುಗಡೆ. ಮೊಗಲರ ಹಳೆಯ ಊರಿಗೆ ಹೋದರೆ ಮುಸ್ಲಿಮರಿಗೂ ಖುಷಿಯಾದೀತು ಎಂಬ ಎಣಿಕೆ ಬೇರೆ. ಗುಟ್ಟು ಬೆರಳೆಣಿಕೆಯ ಮಂದಿಗಷ್ಟೇ ಗೊತ್ತಿತ್ತು. ಕೋಟ್ಯಂತರ ಜನರ ಊರು ಯಾವ ಪ್ರಾಂತ್ಯಕ್ಕೆ ಎಂದು ಅವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

ಡಿಸೆಂಬರ್ 12ರಂದು ದೆಹಲಿ ದರ್ಬಾರು. ಸಂಸ್ಥಾನಗಳ ರಾಜರುಗಳು ಒಬ್ಬೊಬ್ಬರಾಗಿ ಬಂದು ಬ್ರಿಟಿಷ್ ದೊರೆ ಐದನೇ ಜಾರ್ಜ್‌ಗೆ ತಲೆಬಾಗಿದರು. ಬರೋಡಾದ ಸಯಾಜಿರಾವ್ ಗಾಯಕವಾಡರು ಸುಮ್ನೆ ಚೂರು ಬಾಗಿ, ಬೆನ್ನು ತೋರಿಸಿ ನಡೆದುಬಿಟ್ಟರಂತೆ. ಅದೇ ದೊಡ್ಡ ಗದ್ದಲವಾಯಿತು. ಕೊನೆಗೆ ಜಾರ್ಜ್ ದೊರೆಯೇ ಎದ್ದು ನಿಂತು ಎರಡೂ ತೀರ್ಮಾನಗಳನ್ನು ಓದಿದರು. ನೆರೆದವರು ಬೆಚ್ಚಿಬಿದ್ದರು. ಮೂರೇ ದಿನಕ್ಕೆ ಹೊಸ ದೆಹಲಿಗೆ ಅಡಿಗಲ್ಲೂ ಬಿತ್ತು. ಜಾಗ ಸರಿಯಿಲ್ಲವೆಂದು ಆಮೇಲೆ ರೈಸಿನಾ ಗುಡ್ಡಕ್ಕೆ ಹೋದದ್ದು ಬೇರೆ ಮಾತು.

ಕಲ್ಕತ್ತಾದ ಇಂಗ್ಲಿಷ್ ವ್ಯಾಪಾರಿಗಳು ಸಿಟ್ಟಾದರು. ಜಾಸ್ತಿ ನೊಂದದ್ದು ಢಾಕಾ. ಇದು ಕಾಯಂ ಅಂತ ಆರು ವರ್ಷ ನಂಬಿಸಿದ್ದ ಪ್ರಾಂತ್ಯ ಒಂದೇ ಮಾತಿಗೆ ಹೋಯಿತು. ಢಾಕಾದ ನವಾಬ್ ಸಲೀಮುಲ್ಲಾ ಮುಂತಾದವರು 1912ರ ಜನವರಿಯಲ್ಲಿ ವೈಸರಾಯರನ್ನು ಕಂಡಾಗ ಢಾಕಾಕ್ಕೊಂದು ವಿಶ್ವವಿದ್ಯಾಲಯ ಕೊಡುವ ಭರವಸೆ ಸಿಕ್ಕಿತು. ಬಂಗಾಳ ಒಂದೇ ಎಂದು ಹೋರಾಡಿದ್ದ ಕಲ್ಕತ್ತಾದ ಮುಖಂಡರು ಮರುತಿಂಗಳೇ ಅದೂ ಬೇಡ ಎಂದು ಮನವಿ ಒಯ್ದರು. ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು 1921ರಲ್ಲಿ.