ಮೆಟ್ಟುಕತ್ತಿಯ ಕಪ್ಪು, ಮೈಯೊಳಗಿನ ಕಬ್ಬಿಣ

ಬದಿಯಡ್ಕದ ನಮ್ಮ ಮನೆಯಲ್ಲಿ ನೆಲ್ಲಿಕಾಯಿ ಹೆಚ್ಚಿದ ದಿನ ಮೆಟ್ಟುಕತ್ತಿಯ ಅಲಗು ಕಪ್ಪಾಗುತ್ತದೆ. ಕಾಯಿಯ ಒಗರು ಕಬ್ಬಿಣವನ್ನು ಹಿಡಿದುಕೊಂಡ ಗುರುತು ಅದು. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಹಾಕಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ.

ಕತ್ತಿಯ ಕಬ್ಬಿಣ ಹಿಡಿಯುವ ಕಾಯಿ ಮೈಯೊಳಗಿನ ಕಬ್ಬಿಣವನ್ನೂ ಹಿಡಿದೀತಾ? ಥಲಸ್ಸೇಮಿಯಾ, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ, ಇರುವ ಮಕ್ಕಳ ಮನೆಯವರಿಗೆ ಇದು ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ಆ ಮಕ್ಕಳಿಗೆ ಮತ್ತೆ ಮತ್ತೆ ರಕ್ತ ಕೊಡಬೇಕು. ಒಂದು ಚೀಲ ರಕ್ತದಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮೈಯಿಂದ ದಿನಕ್ಕೆ ಹೊರಗೆ ಹೋಗುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದು ಲಿವರ್, ಹೃದಯ, ಗ್ರಂಥಿಗಳಲ್ಲಿ ಕೂತು ಅವನ್ನೇ ಕೆಡಿಸುತ್ತದೆ.

ಇದಕ್ಕೆ 1960ರ ದಶಕದಲ್ಲಿ ಕಬ್ಬಿಣ ಹಿಡಿದು ಹೊರಗೆ ಹಾಕುವ ಡೆಫೆರಾಕ್ಸಮೀನ್ ಎಂಬ ಔಷಧಿ ಬಂತು. ಮೂಲ ಯಾವುದು ಗೊತ್ತಾ? ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಔಷಧಿಯೇನೋ ಒಳ್ಳೆಯದೇ, ಆದರೆ ಚರ್ಮದಡಿ ಸೂಜಿ ಚುಚ್ಚಿ, ಪಂಪ್ ಕಟ್ಟಿಕೊಂಡು, ರಾತ್ರಿ ಎಂಟು ಹತ್ತು ಗಂಟೆ ಮಲಗಬೇಕು. ಅದೂ ವಾರಕ್ಕೆ ಐದಾರು ರಾತ್ರಿ! 1990ರ ದಶಕದಲ್ಲಿ ಡೆಫೆರಿಪ್ರೋನ್ ಮಾತ್ರೆ ಭಾರತದಲ್ಲಿ ಸಿಗತೊಡಗಿತು. 2005ರಲ್ಲಿ ಅಮೆರಿಕ ಇನ್ನೊಂದು ಮಾತ್ರೆ ಡೆಫೆರಾಸಿರಾಕ್ಸ್‌ಗೆ ಒಪ್ಪಿಗೆ ಕೊಟ್ಟಿತು. ಎಲ್ಲಕ್ಕೂ ಅಡ್ಡಪರಿಣಾಮ ಉಂಟು, ವರ್ಷಗಟ್ಟಲೆ ತೆಗೆದುಕೊಳ್ಳಬೇಕು. ಗಿಡಮರಗಳ ಕಡೆ ಕಣ್ಣು ಹೋದದ್ದು ಹಾಗೆ.

ಪರೀಕ್ಷೆಯ ಮೊದಲ ಮೆಟ್ಟಿಲು ಸುಲಭ. ಫೆರೋಜಿನ್ ಎಂಬ ರಾಸಾಯನಿಕ ಕಬ್ಬಿಣ ಸಿಕ್ಕಿದರೆ ನೇರಳೆಯಾಗುತ್ತದೆ. ಗಿಡದ ಸಾರ ಮೊದಲೇ ಕಬ್ಬಿಣ ಹಿಡಿದುಕೊಂಡರೆ ಬಣ್ಣ ಪೇಲವ. ಆಮೇಲೆ ಇಲಿಗಳ ಸರದಿ. ಕೋಲ್ಕತ್ತದ ಬೋಸ್ ಇನ್‌ಸ್ಟಿಟ್ಯೂಟಿನವರು ಇಲಿಗಳಿಗೆ ಕಬ್ಬಿಣದ ಇಂಜೆಕ್ಷನ್ ಕೊಟ್ಟು, 2012ರ ಹೊತ್ತಿಗೆ ಅಳಲೆಕಾಯಿ ಸಾರವನ್ನೂ ಮರುವರ್ಷ ಅಂಬಟೆ ಮರದ ತೊಗಟೆಯ ಸಾರವನ್ನೂ ನೋಡಿದರು. ಲಿವರಿನ ಕಬ್ಬಿಣ ಇಳಿಯಿತು. ನಾವು ಉಪ್ಪಿನಕಾಯಿ ಹಾಕುವ ಅದೇ ಅಂಬಟೆ ಅಂದ ಕೂಡಲೇ ಖುಷಿಯಾಗುತ್ತದೆ, ಅಲ್ವಾ? ಆದರೆ ಅವರು ತೆಗೆದುಕೊಂಡದ್ದು ತೊಗಟೆ. ಅದನ್ನು ನೆನೆಸಿದ್ದು ಮೆಥನಾಲಿನಲ್ಲಿ. ನಮ್ಮ ಗೊಜ್ಜಿಗೂ ಅದಕ್ಕೂ ಸಂಬಂಧ ಇಲ್ಲ.

ನೆಲ್ಲಿಕಾಯಿಯ ಕಥೆ ಇನ್ನೂ ತಮಾಷೆ. ಅದರ ಒಗರು ಕಬ್ಬಿಣ ಹಿಡಿಯುತ್ತದೆ, ಅದರಲ್ಲೇ ಇರುವ ವಿಟಮಿನ್ ಸಿ ಊಟದ ಕಬ್ಬಿಣವನ್ನು ಮೈಗೆ ಜಾಸ್ತಿ ಸೇರಿಸುತ್ತದೆ! ಹಾಗಾಗಿ ಇಂಥ ರೋಗಿಗಳು ವಿಟಮಿನ್ ಸಿ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ತಿನ್ನಬಾರದು.

ದೊಡ್ಡ ತೊಡಕು ಬೇರೆಯೇ. ಊಟದ ಜೊತೆ ಚಹಾ ಕುಡಿದರೆ ಅದರ ಒಗರು ಅನ್ನ, ಸೊಪ್ಪಿನ ಕಬ್ಬಿಣವನ್ನು ಹೊಟ್ಟೆಯಲ್ಲೇ ತಡೆಯುತ್ತದೆ. ಇದು ನಿಜ. ಆದರೆ ರಕ್ತದ ಚೀಲದ ಕಬ್ಬಿಣ ಹೊಟ್ಟೆಯ ದಾರಿ ಹಿಡಿಯುವುದೇ ಇಲ್ಲ, ನೇರ ರಕ್ತನಾಳಕ್ಕೆ ಇಳಿಯುತ್ತದೆ. ಅದನ್ನು ಹಿಡಿಯಬೇಕಾದ ಸಾರ ಕರುಳು ದಾಟಿ, ಲಿವರ್ ಮುಟ್ಟಿ, ಕಬ್ಬಿಣ ಕಟ್ಟಿಕೊಂಡು ಮೂತ್ರದಲ್ಲೋ ಮಲದಲ್ಲೋ ಹೊರಗೆ ಬರಬೇಕು. ಒಗರಿನ ದೊಡ್ಡ ದೊಡ್ಡ ಅಣುಗಳು ಹೆಚ್ಚಾಗಿ ಕರುಳಿನಲ್ಲೇ ಉಳಿಯುತ್ತವೆ. ಕಬ್ಬಿಣ ಇಳಿಸುವ ಆ ಮಾತ್ರೆಗಳ ಜಾಗದಲ್ಲಿ ಕೊಡಬಹುದಾದ ಗಿಡದ ಸಾರ ಇನ್ನೂ ಬಂದಿಲ್ಲ. ಪಕ್ಕದ ಮನೆಯವರು ಮಂಗಳೂರಿಂದ ತಂದ ಮಾತ್ರೆ ಬಿಟ್ಟು ತೊಗಟೆ ಕಷಾಯ ಕೊಡಲಾ ಅಂತ ಕೇಳಿದಾಗ, ಮಾತ್ರೆ ಒಂದು ದಿನವೂ ಬಿಡಬೇಡಿ ಅಂದೆ.